ಮೊದಲ ಸಲ ಕ್ರೂಸ್ ಹತ್ತುವ ಮುನ್ನ

ಕ್ರೂಸ್‌ಗೆ ಹೋಗೋಣ ಎಂಬ ಮಾತು ಮನೆಯಲ್ಲಿ ಬಂದ ಕೂಡಲೇ ಪ್ರಶ್ನೆಗಳು ಶುರುವಾಗುತ್ತವೆ. ಅಮ್ಮನಿಗೆ ಬಸ್ಸಿನಲ್ಲೇ ವಾಂತಿಯಾಗುತ್ತದೆ, ಹಡಗಿನಲ್ಲಿ ಹೇಗೆ? ಪಾಸ್‌ಪೋರ್ಟ್ ಬೇಕೇ? ಸಸ್ಯಾಹಾರ ಸಿಗುತ್ತದೆಯೇ? ಟಿಕೆಟ್ ದುಡ್ಡಿನ ಮೇಲೆ ಇನ್ನೆಷ್ಟು ಖರ್ಚು? ಹಡಗಿನಲ್ಲಿ ಬೇಸರಪಟ್ಟು ಬಂದವರನ್ನು ಮಾತಾಡಿಸಿ ನೋಡಿ, ಕಡಲಿನ ಮೇಲೆ ದೂರು ಹೇಳುವವರು ಕಡಿಮೆ. ದುಡ್ಡು ಕಟ್ಟುವ ಮೊದಲು ಕೇಳದೆ ಬಿಟ್ಟ ಮಾತುಗಳೇ ಅವರನ್ನು ಕಾಡಿರುತ್ತವೆ. ಹಾಗಾಗಿ ಕಾಯ್ದಿರಿಸುವ ದಿನದಿಂದ ಇಳಿಯುವ ಬೆಳಗಿನವರೆಗೆ ಒಂದೊಂದನ್ನೇ ನೋಡೋಣ.

ಎಲ್ಲಿಂದ, ಯಾವಾಗ, ಎಷ್ಟು ದಿನ

ಚಳಿಗಾಲದಲ್ಲಿ ಪಣಂಬೂರಿನ ನವಮಂಗಳೂರು ಬಂದರಿಗೆ ವಿದೇಶಿ ಕ್ರೂಸ್ ಹಡಗುಗಳು ಬರುತ್ತವೆ. ಅವುಗಳ ಪ್ರವಾಸಿಗರು ಕುದ್ರೋಳಿ ದೇವಸ್ಥಾನ, ಮೂಡುಬಿದಿರೆಯ ಸಾವಿರ ಕಂಬದ ಬಸದಿ ನೋಡಿಕೊಂಡು ಸಂಜೆಗೆ ಹಡಗಿಗೆ ಮರಳುತ್ತಾರೆ. ಆದರೆ ನಮ್ಮ ರಾಜ್ಯದವರು ಕ್ರೂಸ್ ಹತ್ತುವುದು ಸಾಮಾನ್ಯವಾಗಿ ಮುಂಬೈ, ಕೊಚ್ಚಿ ಅಥವಾ ಚೆನ್ನೈಯಲ್ಲಿ. 2021ರ ಸೆಪ್ಟೆಂಬರ್‌ನಲ್ಲಿ ಕಾರ್ಡೀಲಿಯಾ ಕಂಪನಿಯ ‘ಎಂಪ್ರೆಸ್’ ಹಡಗು ಮುಂಬೈಯಿಂದ ಓಡಾಟ ಶುರುಮಾಡಿದ ಮೇಲೆ ಗೋವಾ, ಲಕ್ಷದ್ವೀಪದ ಕಡೆ ಹೋಗುವ ಕುಟುಂಬಗಳು ಹೆಚ್ಚಿವೆ. ವಿದೇಶಕ್ಕೆ ಹೋಗುವವರಲ್ಲಿ ಹೆಚ್ಚಿನವರು ಸಿಂಗಪುರಕ್ಕೆ ವಿಮಾನದಲ್ಲಿ ಹೋಗಿ, ಮರೀನಾ ಬೇ ಕ್ರೂಸ್ ಸೆಂಟರ್‌ನಿಂದ ಮಲೇಷ್ಯಾದ ಪೆನಾಂಗ್, ಥಾಯ್ಲೆಂಡಿನ ಫುಕೆಟ್ ಕಡೆಗೆ ಹಡಗು ಹಿಡಿಯುತ್ತಾರೆ.

ಮೊದಲ ಸಲಕ್ಕೆ ಎರಡು–ಮೂರು ರಾತ್ರಿಯ, ನಮ್ಮ ದೇಶದ ಬಂದರಿನಿಂದ ಹೊರಡುವ ಪ್ರಯಾಣವೇ ಒಳ್ಳೆಯದು. ಕಡಲು ನಿಮಗೆ ಒಗ್ಗುತ್ತದೆಯೇ, ಹಿರಿಯರು ಹಡಗಿನಲ್ಲಿ ಹಾಯಾಗಿ ಇರಬಲ್ಲರೇ ಎಂಬುದು ಅಷ್ಟರಲ್ಲಿ ತಿಳಿದುಹೋಗುತ್ತದೆ. ಒಂದು ರಾತ್ರಿಯದು ಬೇಡ. ಮಧ್ಯಾಹ್ನ ಹತ್ತಿ, ಊಟದ ಜಾಗ ಎಲ್ಲಿ, ಲಿಫ್ಟ್ ಎಲ್ಲಿ ಎಂದು ಗೊತ್ತಾಗುವಷ್ಟರಲ್ಲಿ ಬೆಳಗಾಗಿರುತ್ತದೆ.

ತಿಂಗಳನ್ನು ನೋಡಿ ಆರಿಸಿ. ಜೂನ್ ಮತ್ತು ಜುಲೈಯಲ್ಲಿ ನಮ್ಮ ಕರಾವಳಿಯ ಯಾಂತ್ರಿಕ ದೋಣಿಗಳಿಗೇ ಮೀನುಗಾರಿಕೆ ನಿಷೇಧ. ಮಳೆಗಾಲ ಮುಗಿಯುವವರೆಗೂ ಪಡುವಣ ಕಡಲು ಒರಟಾಗಿಯೇ ಇರುತ್ತದೆ. ನವೆಂಬರ್‌ನಿಂದ ಮಾರ್ಚ್‌ವರೆಗೆ ಕಡಲು ಶಾಂತವಾಗಿರುತ್ತದೆ, ಬಿಸಿಲೂ ತಡೆಯುವಂತಿರುತ್ತದೆ.

ಟಿಕೆಟ್ ದರದಲ್ಲಿ ಏನೇನಿದೆ?

ಜಾಹೀರಾತಿನಲ್ಲಿ ಕಾಣುವ ದರ ಒಬ್ಬರದು, ಅದೂ ಒಂದು ಕೋಣೆಯಲ್ಲಿ ಇಬ್ಬರು ಇರುವ ಲೆಕ್ಕದಲ್ಲಿ. ಒಬ್ಬರೇ ಹೋದರೆ ಇಬ್ಬರ ದರಕ್ಕೆ ಹತ್ತಿರಹತ್ತಿರ ಕಟ್ಟಬೇಕಾದೀತು. ಅದೇ ಕೋಣೆಯಲ್ಲಿ ಮೂರನೆಯವರು, ನಾಲ್ಕನೆಯವರು ಮಲಗಿದರೆ ಅವರಿಗೆ ಸಾಮಾನ್ಯವಾಗಿ ಕಡಿಮೆ. ಇದರ ಮೇಲೆ ಬಂದರು ಶುಲ್ಕ, ತೆರಿಗೆ ಮತ್ತು ಸಿಬ್ಬಂದಿಗೆ ಕೊಡುವ ಗ್ರ್ಯಾಚ್ಯುಟಿ ಸೇರುತ್ತವೆ. ಗ್ರ್ಯಾಚ್ಯುಟಿ ತಲೆಗಿಷ್ಟು, ರಾತ್ರಿಗಿಷ್ಟು ಎಂಬ ಲೆಕ್ಕ. ವಿದೇಶಿ ಕಂಪನಿಗಳು ಅದನ್ನು ಡಾಲರಿನಲ್ಲಿ ದಿನವೂ ನಿಮ್ಮ ಖಾತೆಗೆ ಹಾಕುತ್ತಾ ಹೋಗುತ್ತವೆ. ನಾಲ್ಕು ಜನರ ಕುಟುಂಬಕ್ಕೆ ಅದು ಸಣ್ಣ ಮೊತ್ತವಲ್ಲ.

ಮುಖ್ಯ ಊಟದ ಹಾಲ್, ಬಫೆ, ಈಜುಕೊಳ ಮತ್ತು ಬಹುತೇಕ ಕಾರ್ಯಕ್ರಮಗಳು ದರದಲ್ಲೇ ಬರುತ್ತವೆ. ಮದ್ಯ, ತಂಪು ಪಾನೀಯ, ವಿಶೇಷ ರೆಸ್ಟೋರೆಂಟ್, ವೈಫೈ, ಸ್ಪಾ, ದಡದ ಟೂರ್, ಅವರು ತೆಗೆಯುವ ಫೋಟೊ ಇವೆಲ್ಲ ಬೇರೆ. ಏಜೆಂಟರು ‘ಎಲ್ಲಾ ಸೇರಿದೆ ಸಾರ್’ ಎಂದರೆ ಅಷ್ಟಕ್ಕೇ ಬಿಡದೆ, ಏನೇನು ಸೇರಿದೆ ಎಂದು ಬರಹದಲ್ಲಿ ತರಿಸಿಕೊಳ್ಳಿ. ಟಿಕೆಟ್ ರದ್ದುಮಾಡಿದರೆ ಯಾವ ದಿನದವರೆಗೆ ಎಷ್ಟು ವಾಪಸ್ ಎಂಬುದೂ ಅದರಲ್ಲಿರಲಿ. ಹೊರಡುವ ದಿನ ಹತ್ತಿರವಾದಂತೆ ಆ ಮೊತ್ತ ಸೊನ್ನೆಗೆ ಇಳಿಯುತ್ತದೆ. ವಿದೇಶಿ ಪ್ಯಾಕೇಜ್ ಮೇಲೆ ಟಿಸಿಎಸ್ (ಮೂಲದಲ್ಲೇ ಸಂಗ್ರಹಿಸುವ ತೆರಿಗೆ) ಹಿಡಿಯುತ್ತಾರೆ. ಅದರ ದಾಖಲೆ ಇಟ್ಟುಕೊಂಡರೆ ಆದಾಯ ತೆರಿಗೆ ರಿಟರ್ನ್ಸ್ ಸಲ್ಲಿಸುವಾಗ ಹೊಂದಿಸಿಕೊಳ್ಳಬಹುದು.

ಕೋಣೆ ಮತ್ತು ಕಡಲ ಹೊಯ್ದಾಟ

ಕೋಣೆ, ಹೊಯ್ದಾಟ ಎರಡನ್ನೂ ಒಟ್ಟಿಗೇ ಯೋಚಿಸಬೇಕು. ದೊಡ್ಡ ಹಡಗುಗಳ ಎರಡೂ ಪಕ್ಕದಲ್ಲಿ, ನೀರಿನಡಿಯಲ್ಲಿ, ಮೀನಿನ ರೆಕ್ಕೆಯಂಥ ಸ್ಟೆಬಿಲೈಸರ್‌ಗಳಿರುತ್ತವೆ. ಹಡಗು ಎಡಕ್ಕೂ ಬಲಕ್ಕೂ ತೂಗುವುದನ್ನು ಅವು ತಗ್ಗಿಸುತ್ತವೆ. ಆದರೆ ಅಲೆಗೆ ಎದುರಾಗಿ ಹೋಗುವಾಗ ಹಡಗಿನ ಮೂತಿ ಎದ್ದು ಬೀಳುವುದನ್ನು ತಡೆಯಲು ಅವುಗಳಿಂದ ಹೆಚ್ಚೇನೂ ಆಗದು. ಆ ಏಳುಬೀಳು ಮುಂಭಾಗದಲ್ಲೂ ಹಿಂಭಾಗದಲ್ಲೂ ಜೋರು, ನಡುವೆ ಕಡಿಮೆ. ಮೇಲಿನ ಅಂತಸ್ತುಗಳಲ್ಲಿ ತೂಗಾಟ ಜಾಸ್ತಿ, ಕೆಳಗೆ ಕಡಿಮೆ. ಆದ್ದರಿಂದ ಚಾರ್ಮಾಡಿ ಘಾಟಿಯ ತಿರುವುಗಳಲ್ಲಿ ಹೊಟ್ಟೆ ತೊಳಸುವವರು ಮನೆಯಲ್ಲಿದ್ದರೆ ಕೆಳಗಿನ ಅಂತಸ್ತಿನ ನಡುಭಾಗದ ಕೋಣೆಯನ್ನೇ ಕೇಳಿ. ಮೇಲಂತಸ್ತಿನ ಬಾಲ್ಕನಿಗೆ ಹೆಚ್ಚು ದುಡ್ಡು ಕೊಟ್ಟು ಅಲ್ಲಿ ಮಲಗಿಕೊಂಡೇ ಕಾಲ ಕಳೆಯುವುದು ಬೇಡ.

ಕಿಟಕಿಯೇ ಇಲ್ಲದ ಒಳಕೋಣೆ ಅಗ್ಗ. ದೀಪ ಆರಿಸಿದರೆ ಕಗ್ಗತ್ತಲು, ನಿದ್ದೆ ಚೆನ್ನಾಗಿ ಬರುತ್ತದೆ. ಆದರೆ ಕೆಲವರಿಗೆ ಉಸಿರುಗಟ್ಟಿದಂತಾಗುತ್ತದೆ. ಹಿರಿಯರಿಗೆ ರಾತ್ರಿ ಎಚ್ಚರವಾದಾಗ ಬಾಗಿಲು ಯಾವ ಕಡೆ ಎಂದೇ ತಿಳಿಯದು, ಬಚ್ಚಲಿನ ದೀಪ ಉರಿಸಿ ಬಾಗಿಲು ಸ್ವಲ್ಪ ತೆರೆದಿಡಿ. ಕಿಟಕಿ ಕೋಣೆಯಲ್ಲಿ ಕಡಲು ಕಾಣುತ್ತದೆ, ಕಿಟಕಿ ತೆರೆಯುವಂತಿಲ್ಲ. ‘ಗ್ಯಾರಂಟಿ’ ಎಂಬ ಹೆಸರಿನಲ್ಲಿ ಕಡಿಮೆಗೆ ಸಿಗುವ ಕೋಣೆಯನ್ನು ಕಂಪನಿಯವರೇ ಆರಿಸುತ್ತಾರೆ, ನಡುಭಾಗವೇ ಬೇಕು ಎನ್ನುವವರಿಗೆ ಅದು ಆಗದು. ಹಡಗಿನ ಅಂತಸ್ತುಗಳ ನಕ್ಷೆ, ಅಂದರೆ ಡೆಕ್ ಪ್ಲಾನ್ ತೆಗೆದು, ನಿಮ್ಮ ಕೋಣೆಯ ಮೇಲೂ ಕೆಳಗೂ ಏನಿದೆ ನೋಡಿ. ಬಫೆಯ ಕೆಳಗಿನ ಕೋಣೆಯಲ್ಲಿ ಬೆಳಗಿನ ಜಾವದಿಂದಲೇ ಕುರ್ಚಿ ಎಳೆಯುವ ಸದ್ದು.

ಬಚ್ಚಲುಮನೆಯ ಹೊಸ್ತಿಲನ್ನು ಯಾರೂ ಮುಂಚಿತವಾಗಿ ಹೇಳುವುದಿಲ್ಲ. ನೀರು ಹೊರಗೆ ಹರಿಯದಿರಲೆಂದು ಅನೇಕ ಹಡಗುಗಳಲ್ಲಿ ಅದನ್ನು ಎತ್ತರಿಸಿರುತ್ತಾರೆ. ಮಂಡಿನೋವಿನ ಅಜ್ಜಿ ನಡುರಾತ್ರಿ ನಿದ್ದೆಗಣ್ಣಲ್ಲಿ ಎಡವುವುದು ಅಲ್ಲಿಯೇ. ಗಾಲಿಕುರ್ಚಿ ಬಳಸುವವರಿಗೆ ಹೊಸ್ತಿಲಿಲ್ಲದ, ಅಗಲ ಬಾಗಿಲಿನ ಕೋಣೆಗಳು ಕೆಲವೇ ಇರುತ್ತವೆ, ತಿಂಗಳುಗಳ ಮೊದಲೇ ಕೇಳಬೇಕು. ನಡೆಯಲು ಕಷ್ಟವಿರುವವರಿಗೆ ಲಿಫ್ಟ್ ಹತ್ತಿರದ ಕೋಣೆಯಾದರೂ ಇರಲಿ, ಹಡಗಿನ ಕಾರಿಡಾರ್‌ಗಳು ಬಹಳ ಉದ್ದ.

ವಾಂತಿಯ ಮಾತ್ರೆ ನುಂಗಬೇಕಾದ್ದು ತಲೆ ತಿರುಗುವ ಮೊದಲು, ಆಮೇಲಲ್ಲ. ಅವೋಮಿನ್‌ನಂಥ ಮಾತ್ರೆ ಮಂಪರು ತರುತ್ತದೆ. ಗ್ಲಾಕೋಮಾ, ಪ್ರಾಸ್ಟೇಟ್ ತೊಂದರೆ ಇರುವವರು ಮತ್ತು ಗರ್ಭಿಣಿಯರು ಡಾಕ್ಟರನ್ನು ಕೇಳದೆ ತೆಗೆದುಕೊಳ್ಳಬಾರದು. ಹೊಟ್ಟೆ ಖಾಲಿ ಬಿಟ್ಟರೆ ಸಂಕಟ ಹೆಚ್ಚುತ್ತದೆ. ಉಪ್ಪು ಬಿಸ್ಕತ್ತು, ಹಸಿರು ಸೇಬು, ಶುಂಠಿ ಹಾಕಿದ ಚಹಾ ಒಳ್ಳೆಯದು. ಮೊಬೈಲ್ ಬದಿಗಿಟ್ಟು, ತೆರೆದ ಡೆಕ್ಕಿಗೆ ಬಂದು ದೂರದ ದಿಗಂತವನ್ನು ನೋಡುತ್ತಾ ನಿಂತರೆ ಎಷ್ಟೋ ಹಗುರಾಗುತ್ತದೆ.

ಕಾಗದಪತ್ರ

ಗೋವಾ, ಲಕ್ಷದ್ವೀಪದಂಥ ಸ್ವದೇಶಿ ಪ್ರಯಾಣಕ್ಕೆ ಭಾರತೀಯರಿಗೆ ಪಾಸ್‌ಪೋರ್ಟ್ ಬೇಕಿಲ್ಲ, ಸರ್ಕಾರಿ ಗುರುತಿನ ಚೀಟಿ ಸಾಕು. ಮಗುವಿಗೂ ಒಂದು ಬೇಕು. ಯಾವುದು ನಡೆಯುತ್ತದೆ ಎಂದು ಕಂಪನಿಯವರಲ್ಲಿ ಕೇಳಿ, ಮೂಲಪ್ರತಿಯನ್ನೇ ಒಯ್ಯಿರಿ. ಟಿಕೆಟ್ಟಿನ ಹೆಸರು, ಇನಿಷಿಯಲ್ ಎರಡೂ ಗುರುತಿನ ಚೀಟಿಯಲ್ಲಿದ್ದಂತೆಯೇ ಇರಲಿ. ಲಕ್ಷದ್ವೀಪಕ್ಕೆ ಭಾರತೀಯರಿಗೂ ಪ್ರವೇಶ ಪರವಾನಗಿ ಬೇಕು. ಅದನ್ನು ಕಂಪನಿ ಮಾಡಿಸಿಕೊಡುತ್ತದೆಯೇ, ಅದಕ್ಕೆ ನೀವು ಯಾವ ದಾಖಲೆ ಯಾವತ್ತಿನೊಳಗೆ ಕೊಡಬೇಕು ಎಂದು ಕಾಯ್ದಿರಿಸುವಾಗಲೇ ಕೇಳಿ.

ಸಿಂಗಪುರದಿಂದ ಹೋಗುವವರ ಪಾಸ್‌ಪೋರ್ಟ್‌ಗೆ ಕನಿಷ್ಠ ಆರು ತಿಂಗಳ ಅವಧಿ ಉಳಿದಿರಬೇಕು. ಹಡಗು ಸಿಂಗಪುರ ಬಿಟ್ಟು ಮತ್ತೆ ಅಲ್ಲಿಗೇ ಬರುವುದರಿಂದ ವೀಸಾ ಒಂದಕ್ಕಿಂತ ಹೆಚ್ಚು ಸಲ ಪ್ರವೇಶ ಕೊಡುವಂಥದ್ದಾಗಿರಲಿ. ನಡುವಿನ ದೇಶಗಳ ವೀಸಾ ನಿಯಮ ಆಗಾಗ ಬದಲಾಗುತ್ತದೆ, ಹೊರಡುವ ಮುಂಚಿನ ತಿಂಗಳು ಮತ್ತೊಮ್ಮೆ ನೋಡಿಕೊಳ್ಳಿ. ಆ ದೇಶಗಳ ಬಂದರಿನಲ್ಲಿ ಇಳಿಯುವುದೇ ಇಲ್ಲ ಎನ್ನುವವರಿಗೂ ವೀಸಾ ಕೇಳುವುದುಂಟು.

24 ವಾರ ತುಂಬಿದ ಗರ್ಭಿಣಿಯರನ್ನು, ಆರು ತಿಂಗಳಿಗಿಂತ ಚಿಕ್ಕ ಕೂಸುಗಳನ್ನು ಬಹುತೇಕ ಕಂಪನಿಗಳು ಹತ್ತಿಸಿಕೊಳ್ಳುವುದಿಲ್ಲ. ಹಡಗಿನಲ್ಲಿ ಡಾಕ್ಟರು ಇರುತ್ತಾರೆ, ಆದರೆ ಚಿಕಿತ್ಸೆ ಉಚಿತವಲ್ಲ. ನಡುಗಡಲಿನಿಂದ ರೋಗಿಯನ್ನು ದಡಕ್ಕೆ ಸಾಗಿಸುವ ಖರ್ಚು ಸಾಮಾನ್ಯ ಕುಟುಂಬಕ್ಕೆ ಭರಿಸಲಾಗದಂಥದ್ದು. ಆ ಸಾಗಣೆಯನ್ನೂ ಒಳಗೊಂಡ ಪ್ರವಾಸ ವಿಮೆ ಮಾಡಿಸದೆ ವಯಸ್ಸಾದವರನ್ನು ಕರೆದೊಯ್ಯಬೇಡಿ.

ಹೊರಡುವ ದಿನ

ಹೊರಡುವ ದಿನ ತಡವಾಗಿ ಬಂದವರಿಗೆ ಹಡಗು ಕಾಯದು. ವಿಮಾನವೋ ರೈಲೋ ತಡವಾದರೆ ದುಡ್ಡು ಹೋದಂತೆಯೇ. ಹಿಂದಿನ ದಿನವೇ ಬಂದರಿನ ಊರು ಸೇರಿ. ಬೆಂಗಳೂರು, ಕಲಬುರಗಿ ಕಡೆಯಿಂದ ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ಮುಂಬೈಗೆ ಹೋಗುವವರು ಇಳಿಯುವ ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್, ಬಲ್ಲಾರ್ಡ್ ಪಿಯರ್‌ನ ಕ್ರೂಸ್ ಟರ್ಮಿನಲ್‌ಗೆ ಹತ್ತಿರವೇ ಇದೆ. ಹತ್ತಿರವಿದೆಯೆಂದು ಹಡಗು ಹೊರಡುವ ದಿನವೇ ಬೆಳಗ್ಗೆ ತಲುಪುವ ರೈಲು ಹಿಡಿಯುವ ಆಸೆ ಬೇಡ.

ದೊಡ್ಡ ಸೂಟ್‌ಕೇಸ್‌ಗಳಿಗೆ ಟ್ಯಾಗ್ ಕಟ್ಟಿ ಟರ್ಮಿನಲ್‌ನಲ್ಲೇ ಒಪ್ಪಿಸುತ್ತೀರಿ. ಅವು ಕೋಣೆ ತಲುಪುವಾಗ ಸಂಜೆಯಾಗಬಹುದು. ಔಷಧ, ಕಾಗದಪತ್ರ, ಚಾರ್ಜರ್, ಒಂದು ಜೊತೆ ಬಟ್ಟೆ, ಮಕ್ಕಳ ಈಜುಡುಗೆ ಕೈಚೀಲದಲ್ಲಿರಲಿ. ಇಸ್ತ್ರಿಪೆಟ್ಟಿಗೆ, ಎಲೆಕ್ಟ್ರಿಕ್ ಕೆಟಲ್, ಎಕ್ಸ್‌ಟೆನ್ಶನ್ ಬಾಕ್ಸ್, ಮೇಣದಬತ್ತಿ ಒಯ್ಯುವಂತಿಲ್ಲ. ಬೆಳಗಿನ ಪೂಜೆ ತಪ್ಪಿಸದವರು ಗಮನಿಸಿ, ಊದುಬತ್ತಿ, ಕರ್ಪೂರ ಹಚ್ಚುವುದಕ್ಕೂ ಅವಕಾಶವಿಲ್ಲ. ನಡುಗಡಲಿನಲ್ಲಿ ಬೆಂಕಿಗಿಂತ ದೊಡ್ಡ ಭಯ ನಾವಿಕರಿಗೆ ಇನ್ನೊಂದಿಲ್ಲ. ಮನೆಯಲ್ಲಿ ಮಾಡಿದ ಪುಳಿಯೋಗರೆ, ಚಿತ್ರಾನ್ನವನ್ನೂ ಹೆಚ್ಚಿನ ಕಂಪನಿಗಳು ಒಳಗೆ ಬಿಡುವುದಿಲ್ಲ. ಸಸ್ಯಾಹಾರ ಸಿಗುತ್ತದೆ, ಚಿಂತೆ ಬೇಡ. ಜೈನ ಊಟ, ಅಲರ್ಜಿಯಂಥ ವಿಷಯವನ್ನು ಮಾತ್ರ ಕಾಯ್ದಿರಿಸುವಾಗಲೇ ತಿಳಿಸಿ.

ಚೆಕ್‌-ಇನ್‌ನಲ್ಲಿ ಕೈಗೆ ಬರುವ ಕಾರ್ಡೇ ಕೋಣೆಯ ಕೀ, ಗುರುತಿನ ಚೀಟಿ, ಪರ್ಸ್ ಎಲ್ಲ. ಹಡಗಿನಲ್ಲಿ ನೋಟು ನಡೆಯದು, ಖರ್ಚೆಲ್ಲ ಕಾರ್ಡಿಗೆ ಏರುತ್ತದೆ. ಮಕ್ಕಳ ಕಾರ್ಡಿನಲ್ಲಿ ಖರೀದಿಯನ್ನು ತಡೆಹಿಡಿಯುವಂತೆ ರಿಸೆಪ್ಶನ್‌ನಲ್ಲಿ ಹೇಳಬಹುದು.

ಮೊದಲ ಗಂಟೆಯ ಕವಾಯತು

ಹತ್ತಿದ ದಿನವೇ ಸುರಕ್ಷತೆಯ ಮಸ್ಟರ್ ಡ್ರಿಲ್ ಇರುತ್ತದೆ. ಅನೇಕರು ಇದನ್ನು ತಲೆನೋವೆಂದು ತಪ್ಪಿಸಿಕೊಳ್ಳಲು ನೋಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. 2012ರ ಜನವರಿ 13ರ ರಾತ್ರಿ ಇಟಲಿಯ ಜಿಲ್ಯೊ ದ್ವೀಪದ ಬಳಿ ಕೋಸ್ಟಾ ಕಾನ್ಕಾರ್ಡಿಯಾ ಹಡಗು ಬಂಡೆಗೆ ಬಡಿದು ವಾಲಿದಾಗ 32 ಜನ ಸತ್ತರು. ಅಂದು ಸಂಜೆಯಷ್ಟೇ ಹತ್ತಿದ್ದ ನೂರಾರು ಪ್ರಯಾಣಿಕರಿಗೆ ಡ್ರಿಲ್ ಇನ್ನೂ ಆಗಿರಲಿಲ್ಲ. ಹತ್ತಿದ 24 ಗಂಟೆಯೊಳಗೆ ಮಾಡಿದರೆ ಸಾಕು ಎಂಬ ನಿಯಮ ಆಗ ಇತ್ತು. ಹಡಗು ಹೊರಡುವ ಮೊದಲು ಅಥವಾ ಹೊರಟ ಕೂಡಲೇ ಮಾಡಬೇಕು ಎಂದು 2015ರ ಜನವರಿ 1ರಿಂದ ಬದಲಾಗಿದೆ.

ಏಳು ಚಿಕ್ಕ ಸೈರನ್, ಆಮೇಲೆ ಒಂದು ಉದ್ದನೆಯದು. ಇದು ತುರ್ತಿನ ಸದ್ದು, ಮಕ್ಕಳಿಗೂ ಹೇಳಿಕೊಡಿ. ನೀವು ಸೇರಬೇಕಾದ ಜಾಗದ ಗುರುತು ಕಾರ್ಡಿನ ಮೇಲೋ ಕೋಣೆಯ ಬಾಗಿಲ ಹಿಂಬದಿಯಲ್ಲೋ ಇರುತ್ತದೆ. ಕೋಣೆಯಿಂದ ಆ ಜಾಗಕ್ಕೆ ಲಿಫ್ಟ್ ಬಿಟ್ಟು ಮೆಟ್ಟಿಲಲ್ಲೇ ಒಮ್ಮೆ ನಡೆದು ನೋಡಿ, ತುರ್ತಿನಲ್ಲಿ ಲಿಫ್ಟ್ ಬಳಸುವಂತಿಲ್ಲ. ಕಪಾಟಿನಲ್ಲಿ ಮಗುವಿನ ಅಳತೆಯ ಲೈಫ್ ಜಾಕೆಟ್ ಇಲ್ಲದಿದ್ದರೆ ಕೋಣೆ ನೋಡಿಕೊಳ್ಳುವ ಸಿಬ್ಬಂದಿಯನ್ನು ಆ ಕ್ಷಣವೇ ಕೇಳಿ.

ಕಡಲಲ್ಲಿ, ದಡದಲ್ಲಿ

ಹಡಗು ಬಿಟ್ಟ ಕೂಡಲೇ ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ. ದಡ ದೂರವಾದ ಮೇಲೆ ಫೋನು ತಾನಾಗಿ ಹಡಗಿನ ಉಪಗ್ರಹ ಜಾಲವನ್ನು ಹಿಡಿದರೆ ರೋಮಿಂಗ್ ಬಿಲ್ಲು ಗಾಬರಿ ಹುಟ್ಟಿಸುವಷ್ಟು ಬರುತ್ತದೆ. ಬಫೆಗೆ ಹೋಗುವ ಮುನ್ನ ಸೋಪು ಹಾಕಿ ಕೈ ತೊಳೆಯಿರಿ. ಹಡಗಿನಲ್ಲಿ ಹರಡುವ ನೊರೊವೈರಸ್ ವಾಂತಿಭೇದಿಗೆ ಬರೀ ಸ್ಯಾನಿಟೈಸರ್ ಸಾಲದು.

ಕೆಲವು ಕಡೆ ಹಡಗು ಧಕ್ಕೆಗೆ ಬಾರದೆ ದೂರದಲ್ಲೇ ಲಂಗರು ಹಾಕುತ್ತದೆ. ಲಕ್ಷದ್ವೀಪದ ಅಗತ್ತಿಯಲ್ಲಿ ಹಾಗೆಯೇ, ಹವಳದ ದಿಬ್ಬಗಳ ಆಚೆ ನಿಂತ ಹಡಗಿನಿಂದ ಚಿಕ್ಕ ದೋಣಿಗೆ ಇಳಿದು ದಡ ಸೇರಬೇಕು. ಹಡಗಿನ ಬುಡದ ಕಟ್ಟೆಯ ಬದಿಯಲ್ಲಿ ದೋಣಿ ಏಳುತ್ತಾ ಇಳಿಯುತ್ತಾ ಇರುತ್ತದೆ. ಅದು ಮೇಲೆ ಬಂದ ಗಳಿಗೆಯಲ್ಲಿ ಸಿಬ್ಬಂದಿ ನಿಮ್ಮ ಎರಡೂ ರಟ್ಟೆ ಹಿಡಿದು ‘ಈಗ’ ಎನ್ನುತ್ತಾರೆ, ಆಗ ಕಾಲು ಮುಂದಿಡಬೇಕು. ಕೈಯಲ್ಲಿ ಚೀಲ, ಮೊಬೈಲ್ ಏನೂ ಇರಬಾರದು. ಸೀರೆ, ಪಂಚೆ ಕಾಲಿಗೆ ತೊಡರುತ್ತವೆ, ಅವತ್ತೊಂದು ದಿನ ಬೇರೆ ಉಡುಪೇ ಸರಿ. ಮಂಡಿ ಗಟ್ಟಿಯಿಲ್ಲದವರನ್ನು ಒತ್ತಾಯದಿಂದ ಇಳಿಸಬೇಡಿ. ಗಾಳಿ ಜೋರಾಗಿದ್ದರೆ ಇಳಿಯುವುದೇ ರದ್ದಾಗಬಹುದು. ಅದು ನಾಯಕನ ತೀರ್ಮಾನ, ಅದರ ವಿರುದ್ಧ ವಾದಿಸಿ ಫಲವಿಲ್ಲ. ಲಕ್ಷದ್ವೀಪದಲ್ಲಿ ಪಾನನಿಷೇಧವಿದೆ, ಹವಳ ಆರಿಸಿ ತರುವುದು ಅಪರಾಧ.

ದಡಕ್ಕೆ ಹೋದಾಗ ವಾಪಸ್ ಹತ್ತುವ ಕೊನೆಯ ಹೊತ್ತನ್ನು ಬರೆದುಕೊಳ್ಳಿ. ವಿದೇಶದಲ್ಲಿ ಹಡಗಿನ ಗಡಿಯಾರಕ್ಕೂ ಊರಿನ ಗಡಿಯಾರಕ್ಕೂ ಒಂದು ಗಂಟೆ ವ್ಯತ್ಯಾಸ ಇರಬಹುದು. ನೀವು ನಂಬಬೇಕಾದ್ದು ಹಡಗಿನದನ್ನು. ಕಂಪನಿಯ ಟೂರ್ ಬಸ್ಸು ತಡವಾದರೆ ಹಡಗು ಸಾಮಾನ್ಯವಾಗಿ ಕಾಯುತ್ತದೆ, ನೀವೇ ಹಿಡಿದ ಟ್ಯಾಕ್ಸಿ ಗೋವಾದ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡರೆ ಕಾಯುವುದಿಲ್ಲ.

ಕೊನೆಯ ರಾತ್ರಿ

ದೊಡ್ಡ ಚೀಲಗಳನ್ನು ಟ್ಯಾಗ್ ಕಟ್ಟಿ ಮಲಗುವ ಮುನ್ನ ಕೋಣೆಯ ಹೊರಗಿಡಲು ಹೇಳುತ್ತಾರೆ. ಮರುದಿನದ ಬಟ್ಟೆ, ಚಪ್ಪಲಿ, ಔಷಧ, ಪಾಸ್‌ಪೋರ್ಟ್ ಅದರೊಳಗೆ ಸೇರಿಹೋಗದಂತೆ ನೋಡಿಕೊಳ್ಳಿ. ಬಿಲ್ಲನ್ನು ಆ ರಾತ್ರಿಯೇ ಓದಿ. ತಪ್ಪಿದ್ದರೆ ಆಗಲೇ ಹೇಳಿ, ಬೆಳಗ್ಗೆ ರಿಸೆಪ್ಶನ್ ಮುಂದೆ ಉದ್ದ ಸಾಲು ಇರುತ್ತದೆ. ಹಡಗು ಬೆಳಗ್ಗೆ ಬಂದರು ಸೇರುತ್ತದೆಂದು ಹತ್ತು ಗಂಟೆಯ ವಿಮಾನ ಕಾಯ್ದಿರಿಸಬೇಡಿ, ಮಧ್ಯಾಹ್ನ ಕಳೆದ ಮೇಲಿನದೇ ಇರಲಿ. ಮನೆಗೆ ಬಂದ ಮೇಲೂ ಒಂದೆರಡು ದಿನ ಕಾಲಡಿಯ ನೆಲ ತೂಗಿದಂತೆ ಅನ್ನಿಸಬಹುದು. ಅದು ತಾನಾಗಿಯೇ ಹೋಗುತ್ತದೆ, ವಾರಗಟ್ಟಲೆ ಉಳಿದರೆ ಕಿವಿ-ಮೂಗು-ಗಂಟಲಿನ ಡಾಕ್ಟರಿಗೆ ತೋರಿಸಿ.