ಏರ್‌ಪೋರ್ಟ್ ಗಾಡಿ ಹೇಳುವ ಮುನ್ನ ಡ್ರೈವರನ ನಿದ್ದೆ ಕೇಳಿ

ತುರ್ವಿಹಾಳ, ಮಸ್ಕಿ, ಲಿಂಗಸುಗೂರು ಕಡೆಯ ವ್ಯಾಪಾರಸ್ಥರಿಗೆ ವಿಮಾನ ಹತ್ತುವುದು ಈಗ ಅಪರೂಪವೇನಲ್ಲ. ಸೋನಾಮಸೂರಿ ಅಕ್ಕಿಯ ಖರೀದಿದಾರರನ್ನು ಕಾಣಲು ಹೊರಡುವ ರೈಸ್‌ಮಿಲ್ ಮಾಲೀಕರು, ಬೀಜ-ಗೊಬ್ಬರದ ಡೀಲರುಗಳು, ಹಟ್ಟಿ ಚಿನ್ನದ ಗಣಿಯ ನಂಟಿನ ಗುತ್ತಿಗೆದಾರರು ಎಲ್ಲರಿಗೂ ಇದು ಕೆಲಸದ ಭಾಗ. ವಿಮಾನದ ಟಿಕೆಟ್ ಮೊಬೈಲಿನಲ್ಲೇ ಆಗಿಬಿಡುತ್ತದೆ. ತಲೆನೋವು ಇರುವುದು ನಿಲ್ದಾಣದವರೆಗಿನ ಗಾಡಿಯದ್ದು. ಪಟ್ಟಣದವರು ಕೊಡುವ ಸಲಹೆ ನಮಗೆ ಹೊಂದುವುದಿಲ್ಲ. ಬೆಂಗಳೂರಿನ ಮೆಜೆಸ್ಟಿಕ್‌ನಿಂದ ದೇವನಹಳ್ಳಿಗೆ ಹೋಗುವವನಿಗೆ ಗಾಡಿ ಹೊಸದೇ, ಎಸಿ ತಣ್ಣಗಿದೆಯೇ ಎಂಬುದು ದೊಡ್ಡ ಪ್ರಶ್ನೆ ಇರಬಹುದು. ನಮಗೆ ಹೈದರಾಬಾದಿನ ಶಂಷಾಬಾದ್ ನಿಲ್ದಾಣವೇ ಸುಮಾರು 300 ಕಿ.ಮೀ., ದೇವನಹಳ್ಳಿ 400ಕ್ಕೆ ಸಮೀಪ. ಈ ದೂರಕ್ಕೆ ಗಾಡಿ ಆರಿಸುವಾಗ ಕೇಳಬೇಕಾದ ಮೊದಲ ಮಾತು ಒಂದೇ: ಡ್ರೈವರ್ ನಿನ್ನೆ ರಾತ್ರಿ ಮತ್ತು ಇವತ್ತು ಎಷ್ಟು ಹೊತ್ತು ಮಲಗಿದ್ದಾನೆ? ಈ ದಾರಿಗಳಲ್ಲಿ ಓಡಾಡಿ ನಾನು ಕಲಿತದ್ದರ ಸಾರ ಇಷ್ಟೇ.

ಲೆಕ್ಕ ಹಾಕಿ ನೋಡಿ. ಬೆಳಗಿನ 6 ಗಂಟೆಯ ವಿಮಾನಕ್ಕೆ 4ಕ್ಕಾದರೂ ಶಂಷಾಬಾದಿನಲ್ಲಿರಬೇಕು. ಸಿಂಧನೂರು, ಮಾನ್ವಿ, ರಾಯಚೂರು ಹಾದು, ಶಕ್ತಿನಗರದ ಬಳಿ ಕೃಷ್ಣಾ ದಾಟಿ, ಮಖ್ತಲ್, ಮಹಬೂಬ್‌ನಗರ, ಜಡ್ಚರ್ಲಾ ಮೇಲೆ ಹೋಗಲು ಆರು ತಾಸು ಇಟ್ಟುಕೊಳ್ಳುವುದು ಲೇಸು. ಅಂದರೆ ತುರ್ವಿಹಾಳ ಬಿಡುವುದು ರಾತ್ರಿ 10ಕ್ಕೆ. ಆ ದಿನ ಬೆಳಿಗ್ಗೆ 6ಕ್ಕೆ ಎದ್ದು, ರಾಯಚೂರು ಆಸ್ಪತ್ರೆಗೊಂದು ಬಾಡಿಗೆ ಹೊಡೆದು ಬಂದ ಡ್ರೈವರನೇ ಸ್ಟೇರಿಂಗ್ ಹಿಡಿದರೆ, 11 ಗಂಟೆಗೆ ಮಾನ್ವಿ ಆಸುಪಾಸಿನಲ್ಲಿ ಅವನು ಎದ್ದು 17 ತಾಸು ಆಗಿರುತ್ತದೆ. ಇಷ್ಟು ಹೊತ್ತು ಎಚ್ಚರವಿದ್ದವರ ಚುರುಕುತನ, 100 ಮಿ.ಲೀ. ರಕ್ತದಲ್ಲಿ 50 ಮಿ.ಗ್ರಾಂ ಮದ್ಯದ ಅಂಶ ಇರುವವರಷ್ಟು ಕುಗ್ಗಿರುತ್ತದೆ ಎಂದು ಆಸ್ಟ್ರೇಲಿಯಾದ ಸಂಶೋಧಕರಾದ ಡಾಸನ್ ಮತ್ತು ರೀಡ್ 1997ರಲ್ಲೇ ತೋರಿಸಿದ್ದಾರೆ. ನಮ್ಮ ದೇಶದ ಕಾನೂನು ಚಾಲಕನಿಗೆ ಬಿಟ್ಟಿರುವ ಮಿತಿ 30 ಮಿ.ಗ್ರಾಂ. ಕುಡಿದ ಡ್ರೈವರನ ಗಾಡಿಯನ್ನು ಯಾರೂ ಹತ್ತುವುದಿಲ್ಲ, ನಿದ್ದೆಗೆಟ್ಟವನ ಗಾಡಿಯನ್ನು ದುಡ್ಡು ಕೊಟ್ಟು ಹತ್ತುತ್ತೇವೆ. ಮುಂದಿನ ಐದು ತಾಸಿನ ದಾರಿ ಇನ್ನೂ ಬಾಕಿ ಇರುತ್ತದೆ, ಅದೂ ಮೈ ತಾನಾಗಿ ನಿದ್ದೆ ಬೇಡುವ ಸರಿರಾತ್ರಿಯಲ್ಲಿ.

ಇದರ ಜೊತೆಗೆ ನಮ್ಮ ದಾರಿಯ ಸ್ವಭಾವವನ್ನೂ ಸೇರಿಸಬೇಕು. ತುಂಗಭದ್ರಾ ಎಡದಂಡೆ ಕಾಲುವೆಯ ಸೀಮೆಯಲ್ಲಿ ಭತ್ತದ ಸುಗ್ಗಿ ಬಂತೆಂದರೆ ರಸ್ತೆ ಅರ್ಧ ಕಣವಾಗುತ್ತದೆ. ಅಂಚಿನಲ್ಲಿ ಒಣಹಾಕಿದ ಭತ್ತ, ಅದು ಚದುರದಂತೆ ಸುತ್ತ ಇಟ್ಟ ಕಲ್ಲುಗಳು, ಹಿಂದಿನ ದೀಪವಿಲ್ಲದ ಟ್ರಾಲಿ, ಅರ್ಧ ರಸ್ತೆ ಆವರಿಸಿ ಬರುವ ಕಟಾವು ಯಂತ್ರ. ಕಲ್ಲು ಕಂಡು ಬ್ರೇಕ್ ಮೇಲೆ ಕಾಲಿಡಲು ಸಿಗುವುದು ಕ್ಷಣಮಾತ್ರ. ಇಲ್ಲಿ ಜೀವ ಉಳಿಸುವುದು ಡ್ರೈವರನ ಕಣ್ಣು. ಗಾಡಿ ಇನ್ನೋವಾ ಆದರೇನು, ಡಿಜೈರ್ ಆದರೇನು, ಕಣ್ಣು ಮುಚ್ಚಿದರೆ ಎರಡೂ ಒಂದೇ.

“ನಮ್ಮ ಹುಡುಗಗ ರಾತ್ರಿ ಗಾಡಿ ರೂಢಿ ಐತ್ರಿ ಸಾವ್ಕಾರ್ರ” ಎನ್ನುವುದು ಟ್ರಾವೆಲ್ಸಿನವರ ಸಿದ್ಧ ಉತ್ತರ. ರೂಢಿಯಿಂದ ದಾರಿಯ ತಿರುವು ಗೊತ್ತಾಗುತ್ತದೆ, ಹಂಪು ಗೊತ್ತಾಗುತ್ತದೆ, ನಿದ್ದೆಯ ಬಾಕಿ ತೀರುವುದಿಲ್ಲ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಚಾಲಕನ ದುಡಿಮೆಗೆ ದಿನಕ್ಕೆ 8 ತಾಸು, ದೂರದ ದಾರಿಗೆ ಹೆಚ್ಚೆಂದರೆ 10 ತಾಸು ಎಂದು ಅಳತೆ ಹಾಕಿದ್ದು ಸುಮ್ಮನೆ ಅಲ್ಲ. ನಮ್ಮನ್ನು ಶಂಷಾಬಾದಿನಲ್ಲಿ ಇಳಿಸಿ ಚಹಾ ಕುಡಿದು ಹಾಗೇ ವಾಪಸ್ ಹೊರಡುವ ಹುಡುಗ ಒಟ್ಟು 12 ತಾಸು ಸ್ಟೇರಿಂಗ್ ಹಿಡಿದಿರುತ್ತಾನೆ. ನಾವು ಇಳಿದ ಮೇಲಿನ ಆರು ತಾಸೂ ನಾವು ಹೇಳಿದ ಬಾಡಿಗೆಯ ಭಾಗವೇ.

ಖರ್ಚು ಹೆಚ್ಚಾಗುತ್ತದೆ ಎಂಬ ಆಕ್ಷೇಪಕ್ಕೆ ಬಿಲ್ಲನ್ನೇ ಬಿಡಿಸಿ ನೋಡಬೇಕು. ಹೊರಊರಿನ ಬಾಡಿಗೆಯಲ್ಲಿ ದಿನಕ್ಕೆ ಕನಿಷ್ಠ 250 ಅಥವಾ 300 ಕಿ.ಮೀ. ಹಿಡಿಯುವುದು, ಹೋಗಿಬರುವ ದೂರ ಎರಡಕ್ಕೂ ದುಡ್ಡು ಹಾಕುವುದು, ನಡುರಾತ್ರಿ 12 ದಾಟಿದರೆ ಎರಡನೇ ದಿನ ಎಂದು ಎಣಿಸುವುದು ಬಹಳ ಕಡೆ ವಾಡಿಕೆ. ರಾತ್ರಿ 10ಕ್ಕೆ ಹೊರಟರೂ ಎರಡು ದಿನ, 600 ಕಿ.ಮೀ. ಮಧ್ಯಾಹ್ನ 2ಕ್ಕೆ ಹೊರಟು, ರಾತ್ರಿ 8ಕ್ಕೆ ತಲುಪಿ, ಡ್ರೈವರ್ ಮಲಗಿ ಮರುದಿನ ವಾಪಸಾದರೂ ಎರಡು ದಿನ, ಅದೇ 600 ಕಿ.ಮೀ. ಹೆಚ್ಚು ಬೀಳುವುದು ನಿಮ್ಮ ಒಂದು ರೂಮು, ಡ್ರೈವರನ ರಾತ್ರಿ ಬಾಟಾ ಮತ್ತು ಹಾಸಿಗೆ. ಮರುದಿನ ಖರೀದಿದಾರನ ಎದುರು ತೂಕಡಿಸದೆ ರೇಟು ಮಾತಾಡಬಹುದು ಎಂಬುದನ್ನು ಸೇರಿಸಿದರೆ ಅದು ಖರ್ಚೇ ಅಲ್ಲ.

ಅಗ್ಗಕ್ಕೆ ಸಿಗುವ ಪರಿಚಯದವರ ವೈಟ್‌ಬೋರ್ಡ್ ಗಾಡಿ ಇದಕ್ಕೆ ಪರಿಹಾರವಲ್ಲ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಬಾಡಿಗೆಗೆ ಪರ್ಮಿಟ್ ಬೇಕು. ಅದಿಲ್ಲದೆ ಅಪಘಾತವಾದರೆ ವಿಮೆಯ ಕಂಪನಿ ತಕರಾರು ತೆಗೆಯಲು ದಾರಿ ಸಿಗುತ್ತದೆ. ಯೆಲ್ಲೋಬೋರ್ಡ್ ಗಾಡಿಯಾದರೂ ನಂಬರ್ ಕೇಳಿ ಎಂಪರಿವಾಹನ್ ಆ್ಯಪಿನಲ್ಲಿ ವಿಮೆ, ಫಿಟ್‌ನೆಸ್ ನೋಡಿಕೊಳ್ಳುವುದು ಎರಡು ನಿಮಿಷದ ಕೆಲಸ. ರೈಲು ಇಲ್ಲವೇ ಎಂಬ ಪ್ರಶ್ನೆ ಮಾತ್ರ ನ್ಯಾಯವಾದದ್ದು. ಒಬ್ಬರೇ ಹೋಗುವವರು ರಾಯಚೂರಿನವರೆಗೆ ಗಾಡಿ, ಅಲ್ಲಿಂದ ರೈಲು ಹಿಡಿಯುವುದೇ ಜಾಣತನ. 2024ರಲ್ಲಿ ಸಿಂಧನೂರಿಗೂ ರೈಲು ಬಂದಿದೆ, ಅದು ಹುಬ್ಬಳ್ಳಿಯ ಕಡೆಗೆ. ಹುಬ್ಬಳ್ಳಿ, 2019ರಲ್ಲಿ ಆರಂಭವಾದ ಕಲಬುರಗಿ, ತೋರಣಗಲ್ಲಿನ ವಿದ್ಯಾನಗರ ನಿಲ್ದಾಣಗಳು ಹತ್ತಿರವಿದ್ದರೂ ಬೇಕಾದ ಊರಿಗೆ ಬೇಕಾದ ದಿನ ವಿಮಾನ ಸಿಗುವುದು ಕಡಿಮೆ. ಮೂರ್ನಾಲ್ಕು ಜನ, ಅಕ್ಕಿಯ ಸ್ಯಾಂಪಲ್ ಚೀಲ ಎಂದಾದರೆ ಮತ್ತೆ ಗಾಡಿಗೇ ಬರಬೇಕು.

ಆದ್ದರಿಂದ ಫೋನ್ ಮಾಡಿದಾಗ ಕಿಲೋಮೀಟರಿಗೆ ಎಷ್ಟು ಎಂದು ಆಮೇಲೆ ಕೇಳಿ. ಯಾವ ಡ್ರೈವರ್ ಬರುತ್ತಾನೆ, ಹಿಂದಿನ ಬಾಡಿಗೆ ಎಷ್ಟೊತ್ತಿಗೆ ಮುಗಿಸಿದ, ನಮ್ಮನ್ನು ಇಳಿಸಿ ಎಲ್ಲಿ ಮಲಗುತ್ತಾನೆ ಎಂಬ ಮೂರನ್ನು ಮೊದಲು ಕೇಳಿ. ನೇರ ಉತ್ತರ ಕೊಡುವ ಟ್ರಾವೆಲ್ಸಿಗೆ ಬಾಟಾ ಚೌಕಾಸಿ ಮಾಡದೆ ಕೊಡಿ. ಕೊಡದವರ ಗಾಡಿ ಎಷ್ಟೇ ಹೊಸದಿದ್ದರೂ ಬಿಡಿ.