ಕರೆಂಟ್ ಇಡಿಸಿಕೊಂಡರೆ ಸಾಕೇ, ಡಾಕ್ಟ್ರೇ?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಚಳ್ಳಕೆರೆ, ಮೊಳಕಾಲ್ಮುರು ಕಡೆಯವು. ಸೊಂಟ, ಮಂಡಿ, ಭುಜ, ಮುರಿದ ಕೈ, ಲಕ್ವ ಹೀಗೆ ದೂರು ಬೇರೆಬೇರೆಯಾದರೂ ಎಲ್ಲರೂ ಕೇಳಿರುವುದು ಫಿಸಿಯೋಥೆರಪಿಯ ಬಗ್ಗೆಯೇ. ಒಂದೇ ಥರದ ಪ್ರಶ್ನೆಗಳನ್ನು ಒಟ್ಟು ಮಾಡಿ ಉತ್ತರಿಸಿದ್ದೇನೆ.

ಪ್ರಶ್ನೆ: ನನಗೆ 47 ವರ್ಷ. ಗುಂಡಿಮಗ್ಗದಲ್ಲಿ ರೇಷ್ಮೆ ಸೀರೆ ನೇಯುತ್ತೇನೆ. ಎರಡು ವರ್ಷದಿಂದ ಸೊಂಟನೋವು. ಈಗ ಎಡಗಾಲಿನ ಹಿಂಬದಿಗೂ ಎಳೆತ ಇಳಿಯುತ್ತಿದೆ. ಎಕ್ಸ್‌ರೇ ನೋಡಿ ‘ಮೂಳೆ ಸವೆದಿದೆ’ ಅಂದರು. ಹತ್ತು ದಿನ ಕರೆಂಟ್ ಇಡಿಸಿಕೊಂಡೆ. ಅಷ್ಟು ದಿನ ಹಗುರ ಅನ್ನಿಸಿತು, ಆಮೇಲೆ ಮತ್ತೆ ಅದೇ ಪಾಡು. ಮಗ್ಗ ಬಿಟ್ಟು ಮಲಗಿದರೆ ಮನೆ ನಡೆಯೋದಿಲ್ಲ.
– ನೇಕಾರರೊಬ್ಬರು, ಮೊಳಕಾಲ್ಮುರು

ಉತ್ತರ: ‘ಸವೆದಿದೆ’ ಎಂಬ ಮಾತಿಗೆ ಮೊದಲು ಹೆದರುವುದು ಬಿಡಿ. ನಲವತ್ತು ದಾಟಿದವರ ಸೊಂಟದ ಎಕ್ಸ್‌ರೇ ತೆಗೆದರೆ, ಒಂದು ದಿನವೂ ನೋವು ಕಾಣದವರಲ್ಲೂ ಅಂಥ ಬದಲಾವಣೆ ಬೇಕಾದಷ್ಟು ಸಿಗುತ್ತದೆ. ಕಾಲಿಗಿಳಿಯುವ ಎಳೆತ ಮಾತ್ರ ಬಹುಮಟ್ಟಿಗೆ ನರದ್ದು. ಬೆನ್ನಿನ ಮೂಳೆಗಳ ನಡುವಿನ ಡಿಸ್ಕ್ ಹಿಂದಕ್ಕೆ ಉಬ್ಬಿ ಪಕ್ಕದ ನರಕ್ಕೆ ತಾಗಿದಾಗ ಹೀಗಾಗುತ್ತದೆ. ಇಂಥವರಲ್ಲಿ ಹೆಚ್ಚಿನವರಿಗೆ ಆಪರೇಷನ್ ಬೇಕಾಗುವುದಿಲ್ಲ.

ನೀವು ಕೂರುವ ರೀತಿಯನ್ನೇ ನೋಡಿ. ಕಾಲು ಗುಂಡಿಯೊಳಗೆ, ಒಂದು ಕೈ ಲಾಳಿಯ ಹಗ್ಗ ಎಳೆಯುತ್ತದೆ, ಇನ್ನೊಂದು ಕೈ ಹಣಿಗೆ ಬಡಿಯುತ್ತದೆ, ಕಣ್ಣು ಜರಿಯ ಅಂಚಿನ ಮೇಲೆ. ಬೆನ್ನು ಗಂಟೆಗಟ್ಟಲೆ ಮುಂದಕ್ಕೆ ಬಾಗಿಯೇ ಇರುತ್ತದೆ. ಡಿಸ್ಕಿನ ಮೇಲೆ ಹೆಚ್ಚು ಭಾರ ಬೀಳುವುದು ಈ ಭಂಗಿಯಲ್ಲೇ. ಕರೆಂಟ್ ಇಡುವ ಯಂತ್ರ ನೋವಿನ ಅರಿವನ್ನು ಸ್ವಲ್ಪ ಹೊತ್ತು ಮಂಕು ಮಾಡುತ್ತದೆ, ಅಷ್ಟೇ. ನೋವು ತಗ್ಗಿದ ಆ ಹೊತ್ತಿನಲ್ಲಿ ವ್ಯಾಯಾಮ ಮಾಡಿಸಬೇಕು. ಯಂತ್ರ ಹಚ್ಚಿ, ದುಡ್ಡು ಇಸಿದುಕೊಂಡು, ‘ನಾಳೆ ಬನ್ನಿ’ ಎಂದು ಕಳಿಸುವುದನ್ನು ನಾನು ಫಿಸಿಯೋಥೆರಪಿ ಎಂದು ಕರೆಯುವುದಿಲ್ಲ.

ಚಾಪೆಯ ಮೇಲೆ ಬೋರಲಾಗಿ ಮಲಗಿ. ಎರಡು ನಿಮಿಷ ಸುಮ್ಮನಿರಿ. ಮೊಣಕೈ ಊರಿ ಎದೆ ಎತ್ತಿ, ಇನ್ನೊಂದೆರಡು ನಿಮಿಷ ಹಾಗೇ ಇರಿ. ಅದು ಸಲೀಸಾದರೆ ಅಂಗೈ ಊರಿ, ಸೊಂಟವನ್ನು ಚಾಪೆಯ ಮೇಲೇ ಬಿಟ್ಟು, ಮೈಯ ಮೇಲ್ಭಾಗವನ್ನಷ್ಟೇ ಎತ್ತಿ ಇಳಿಸಿ. ಹತ್ತು ಸಲ, ದಿನಕ್ಕೆ ನಾಲ್ಕೈದು ಬಾರಿ. ಮಾಡುವಾಗ ನೋವು ಎತ್ತ ಸರಿಯುತ್ತದೆ ಎಂಬುದರ ಮೇಲೆ ನಿಗಾ ಇಡಿ. ಮೀನಖಂಡದ ಎಳೆತ ತೊಡೆಗೆ, ತೊಡೆಯದ್ದು ಸೊಂಟಕ್ಕೆ ಹಿಂದೆಗೆದರೆ, ಸೊಂಟ ತುಸು ಹೆಚ್ಚು ನೊಂದರೂ ದಾರಿ ಸರಿಯಿದೆ. ನೋವು ಪಾದದ ಕಡೆಗೆ ಇನ್ನಷ್ಟು ಇಳಿದರೆ ಅಲ್ಲೇ ನಿಲ್ಲಿಸಿ. ನಿಮಗೆ ಬೇರೆ ವ್ಯಾಯಾಮ ಬೇಕು, ಅದನ್ನು ಫಿಸಿಯೋಥೆರಪಿಸ್ಟ್ ನೋಡಿ ಹೇಳಬೇಕು.

ಮಗ್ಗ ಬಿಡಬೇಡಿ. ಇಂಥ ನೋವಿಗೆ ದಿನಗಟ್ಟಲೆ ಮಲಗಿದರೆ ಸ್ನಾಯು ಸೊರಗಿ ತೊಂದರೆಯೇ ಹೆಚ್ಚುತ್ತದೆ. ಕೂರುವ ಜಾಗಕ್ಕೆ ಒಂದು ಕಂಬಳಿ ಮಡಿಸಿ ಹಾಕಿ, ಸೊಂಟ ಮಂಡಿಗಿಂತ ಸ್ವಲ್ಪ ಮೇಲಿರಲಿ. ಎರಡು ಮೂರು ಕಂಡಿಕೆ ಮುಗಿದಾಗಲೆಲ್ಲ ಗುಂಡಿಯಿಂದ ಕಾಲು ತೆಗೆದು ಎದ್ದು ನಿಂತು, ಸೊಂಟಕ್ಕೆ ಕೈಕೊಟ್ಟು ಐದಾರು ಸಲ ಹಿಂದಕ್ಕೆ ಬಾಗಿ. ಮೊಳಕಾಲ್ಮುರು ಸೀರೆಗೆ ಭೌಗೋಳಿಕ ಸೂಚಕದ ಮನ್ನಣೆ ಬಂದಿದೆ, ಸಂತೋಷ. ನೇಯುವವರು ಕೂರುವ ಜಾಗದ ಬಗ್ಗೆಯೂ ಯಾರಾದರೂ ಹಾಗೇ ತಲೆ ಕೆಡಿಸಿಕೊಂಡರೆ ಒಳ್ಳೆಯದಿತ್ತು.

ಮೂತ್ರ ಕಟ್ಟಿಕೊಂಡರೆ ಅಥವಾ ತಿಳಿಯದೆ ಹೋದರೆ, ಮಲ ತಡೆಯಲಾಗದಿದ್ದರೆ, ಕೂರುವ ಭಾಗ ಜೋಮು ಹಿಡಿದರೆ, ಪಾದ ಎತ್ತಲಾಗದೆ ಚಪ್ಪಲಿ ಜಾರಿಹೋಗತೊಡಗಿದರೆ ವ್ಯಾಯಾಮದ ಮಾತೇ ಬೇಡ. ಅದೇ ದಿನ ಬಳ್ಳಾರಿಯದ್ದೋ ಚಿತ್ರದುರ್ಗದ್ದೋ ದೊಡ್ಡಾಸ್ಪತ್ರೆ ಸೇರಿ.

ಪ್ರಶ್ನೆ: ಅಮ್ಮನಿಗೆ 63. ಬಚ್ಚಲಲ್ಲಿ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದಿತ್ತು. ಆರು ವಾರಕ್ಕೆ ಪ್ಲಾಸ್ಟರ್ ಬಿಚ್ಚಿದರು. ಮೂಳೆ ಕೂಡಿದೆಯಂತೆ, ಆದರೆ ಮುದ್ದೆ ಮುರಿಯುವುದಕ್ಕೂ ಬೆರಳು ಮಡಚುತ್ತಿಲ್ಲ, ಕೈ ಊದಿಕೊಂಡೇ ಇದೆ. ನಾಟಿ ಎಣ್ಣೆ ಹಾಕಿ ನೀವಿಸಿ ಅನ್ನುತ್ತಾರೆ.
– ಮಗಳು, ಚಳ್ಳಕೆರೆ

ಉತ್ತರ: ಪ್ಲಾಸ್ಟರ್ ಹಾಕಿದ ಮಾರನೇ ದಿನದಿಂದಲೇ ಬೆರಳು, ಮೊಣಕೈ, ಭುಜ ಆಡಿಸುತ್ತಿರಬೇಕು. ಇದನ್ನು ಹೇಳದೆ ಕಳಿಸುವುದು, ಹೇಳಿದರೂ ನೋವಿಗೆ ಹೆದರಿ ಮಾಡದಿರುವುದು ಎರಡೂ ನಡೆಯುತ್ತವೆ. ಆಡಿಸದ ಕೀಲು ಬಿಗಿದುಕೊಳ್ಳುತ್ತದೆ. ಈಗಲೂ ತಡವಾಗಿಲ್ಲ.

ಬೋಗುಣಿಯಲ್ಲಿ ಉಗುರುಬೆಚ್ಚಗಿನ ನೀರು ತುಂಬಿ ಹತ್ತು ನಿಮಿಷ ಕೈ ಮುಳುಗಿಸಿಡಲಿ. ನೀರೊಳಗೇ ಮುಷ್ಟಿ ಕಟ್ಟುವುದು, ಬಿಡಿಸುವುದು; ಹೆಬ್ಬೆರಳನ್ನು ಒಂದೊಂದೇ ಬೆರಳಿನ ತುದಿಗೆ ಮುಟ್ಟಿಸುವುದು. ಆಮೇಲೆ ಮೊಣಕೈಯನ್ನು ಪಕ್ಕೆಗೆ ಒತ್ತಿ ಹಿಡಿದು ಅಂಗೈಯನ್ನು ಮೇಲೆ, ಕೆಳಗೆ ತಿರುಗಿಸಲಿ. ಈ ತಿರುಗಾಟ ಬರದಿದ್ದರೆ ತಂಬಿಗೆ ಬಗ್ಗಿಸಲೂ ಆಗುವುದಿಲ್ಲ. ವಾರ ಕಳೆದ ಮೇಲೆ ಒದ್ದೆ ಬಟ್ಟೆ ಹಿಂಡಲಿ, ಚಪಾತಿ ಹಿಟ್ಟು ನಾದಲಿ. ಮನೆಯವರು ಪ್ರೀತಿಯಿಂದ ‘ನೀನು ಏನೂ ಮುಟ್ಟಬೇಡ ಕೂತ್ಕೋ’ ಅನ್ನುತ್ತೀರಲ್ಲ, ಅದನ್ನು ನಿಲ್ಲಿಸಿ. ಊತ ಇಳಿಯುವವರೆಗೆ ಕೈ ಜೋತುಬೀಳದಂತೆ, ಮಲಗಿದಾಗ ದಿಂಬಿನ ಮೇಲೆ ಎತ್ತರದಲ್ಲಿ ಇರಲಿ. ಕೈ ಕೆಂಪಾಗಿ ಮಿರುಗುತ್ತ, ಬಟ್ಟೆ ತಾಗಿದರೂ ಉರಿಯುವಂತಾದರೆ ತಡಮಾಡದೆ ಮೂಳೆ ವೈದ್ಯರಿಗೆ ತೋರಿಸಿ.

ಎಣ್ಣೆಯ ವಿಷಯ. ಶೇಂಗಾ ಎಣ್ಣೆಯ ಮಿಲ್ಲುಗಳಿಗೆ ಹೆಸರಾದ ಊರಿನವರಿಗೆ ಎಣ್ಣೆಯೇ ಬೇಡ ಎನ್ನುವ ಧೈರ್ಯ ನನಗಿಲ್ಲ. ಒಣಗಿದ ಚರ್ಮಕ್ಕೆ ಸವರಿ, ಬೆರಳ ತುದಿಯಿಂದ ಮೊಣಕೈ ಕಡೆಗೆ ಹಗುರವಾಗಿ ನೀವಿ. ಆದರೆ ‘ಗಂಟು ಬಿಡಿಸುತ್ತೇವೆ’ ಎಂದು ಎಳೆದು ತಿರುಚಿಸುವುದು ಬೇಡವೇ ಬೇಡ. ಮೊಣಕೈ ಪೆಟ್ಟಿಗಂತೂ ತಿಕ್ಕುವುದು ಅಪಾಯ, ಸ್ನಾಯುವಿನೊಳಗೇ ಮೂಳೆ ಬೆಳೆದು ಕೀಲು ಖಾಯಂ ಸೆಟೆದುಕೊಳ್ಳಬಹುದು. ಮೂಳೆ ಮುರಿದಾಗ ನಾಟಿ ವೈದ್ಯರ ಬಳಿ ಪುತ್ತೂರು ಕಟ್ಟು ಕಟ್ಟಿಸುವವರಿಗೂ ಒಂದು ಮಾತು: ಕಟ್ಟು ಯಾರದ್ದೇ ಆಗಿರಲಿ, ಆಸ್ಪತ್ರೆಯದ್ದೇ ಆಗಿರಲಿ, ಬೆರಳು ನೀಲಿಗಟ್ಟಿದರೆ, ಮರಗಟ್ಟಿದರೆ, ಬೆರಳು ಚಾಚಿಸಿದಾಗ ತಡೆಯಲಾರದ ನೋವಾದರೆ ಬೆಳಗಾಗಲಿ ಎಂದು ಕಾಯಬೇಡಿ. ಕೆಲವೇ ಗಂಟೆಗಳಲ್ಲಿ ಕೈ ಕೆಡುತ್ತದೆ.

ನಿಂತಲ್ಲಿಂದ ಬಿದ್ದಷ್ಟಕ್ಕೇ ಈ ವಯಸ್ಸಿನಲ್ಲಿ ಮಣಿಕಟ್ಟು ಮುರಿದಿದ್ದರೆ ಮೂಳೆ ತೆಳುವಾಗಿರಬಹುದು. ಮುಂದಿನ ಸಲ ಸೊಂಟದ ಕೀಲು ಮುರಿಯಬಾರದಲ್ಲ, ಮೂಳೆ ಸಾಂದ್ರತೆಯ ಪರೀಕ್ಷೆಯನ್ನೂ ಮಾಡಿಸಿ. ಬಚ್ಚಲ ಗೋಡೆಗೆ ಒಂದು ಹಿಡಿಕೆ ಹಾಕಿಸಿ.

ಪ್ರಶ್ನೆ: ಸಕ್ಕರೆ ಕಾಯಿಲೆ ಇದೆ, 54 ವರ್ಷ. ನಾಲ್ಕು ತಿಂಗಳಿಂದ ಎಡಗೈ ಮೇಲೆ ಏಳುವುದಿಲ್ಲ, ಅಂಗಿ ತೊಡುವುದೇ ಕಷ್ಟ.
– ತಳಕು

ಉತ್ತರ: ಭುಜ ಬಿಗಿತ. ಫ್ರೋಜನ್ ಶೋಲ್ಡರ್ ಎನ್ನುವುದು ಇದನ್ನೇ. ಸಕ್ಕರೆ ಕಾಯಿಲೆಯವರಲ್ಲಿ ಇದು ಹೆಚ್ಚು. ಪೂರ್ತಿ ಸಡಿಲವಾಗಲು ಒಂದೆರಡು ವರ್ಷವೇ ಹಿಡಿಯಬಹುದು, ಹದಿನೈದು ದಿನದ ಭರವಸೆ ಕೊಡುವವರನ್ನು ನಂಬಬೇಡಿ. ರಾತ್ರಿ ನಿದ್ದೆ ಕೆಡಿಸುವಷ್ಟು ನೋವಿರುವಾಗ ಮುಂದಕ್ಕೆ ಬಾಗಿ, ಕೈಯನ್ನು ಇಳಿಬಿಟ್ಟು ಸಣ್ಣದಾಗಿ ತೂಗಾಡಿಸಿದರೆ ಸಾಕು. ನೋವು ತಗ್ಗಿ ಬಿಗಿತ ಉಳಿದಾಗ ಗೋಡೆಯ ಮೇಲೆ ಬೆರಳು ಹತ್ತಿಸಿ. ದಿನಾ ಮುಟ್ಟಿದ ಎತ್ತರಕ್ಕೆ ಪೆನ್ಸಿಲ್ ಗೆರೆ ಹಾಕಿಡಿ. ಕೀಲಿಗೆ ಕೊಡುವ ಸ್ಟೆರಾಯ್ಡ್ ಇಂಜೆಕ್ಷನ್ ಶುರುವಿನಲ್ಲಿ ಉಪಯೋಗವೇ, ಆದರೆ ಕೆಲವು ದಿನ ಸಕ್ಕರೆ ಏರುತ್ತದೆ, ನೋಡಿಕೊಳ್ಳಿ.

ಪ್ರಶ್ನೆ: ಶೇಂಗಾ ಕಿತ್ತು ಬಿಡಿಸುವ ಕಾಲಕ್ಕೆ ಎರಡೂ ಮಂಡಿ ಹಿಡಿದುಕೊಳ್ಳುತ್ತವೆ. ಕುಕ್ಕರಗಾಲಲ್ಲಿ ಕೂತರೆ ಏಳಲಾಗದು. ನಡೆದರೆ ಇನ್ನೂ ಸವೆಯುತ್ತದೆಯೇ?
– ರೈತ ಮಹಿಳೆ, ಪರಶುರಾಂಪುರ

ಉತ್ತರ: ನಡೆದರೆ ಸವೆಯುವುದಿಲ್ಲ, ನಡೆಯದಿದ್ದರೆ ತೊಡೆಯ ಬಲ ಹೋಗುತ್ತದೆ. ಮಂಡಿಯನ್ನು ಹಿಡಿದು ನಿಲ್ಲಿಸುವುದು ತೊಡೆಯ ಮುಂಭಾಗದ ಸ್ನಾಯು. ಕಾಲು ಚಾಚಿ ಕೂತು, ಮಂಡಿಯ ಕೆಳಗೆ ಟವೆಲ್ ಸುರುಳಿ ಇಟ್ಟು, ಅದನ್ನು ನೆಲಕ್ಕೆ ಒತ್ತಿ ಹತ್ತು ಎಣಿಸಿ ಬಿಡಿ. ಒಂದೊಂದು ಕಾಲಿಗೆ ಹದಿನೈದು ಸಲ, ಬೆಳಿಗ್ಗೆ ಸಂಜೆ. ಫಲ ಕಾಣಲು ಆರೆಂಟು ವಾರ ಬೇಕು. ಶೇಂಗಾ ಬಿಡಿಸಲು ಮಣೆಯ ಬದಲು ಎತ್ತರದ ಸ್ಟೂಲು ಹಾಕಿಕೊಳ್ಳಿ. ತೂಕ ಹೆಚ್ಚಿದ್ದರೆ ನಾಲ್ಕೈದು ಕೆಜಿ ಇಳಿದರೂ ಮಂಡಿಗೆ ಗೊತ್ತಾಗುತ್ತದೆ.

ಪ್ರಶ್ನೆ: ಅಪ್ಪನಿಗೆ ಲಕ್ವ ಹೊಡೆದು ಮೂರು ವಾರ. ಬಲಗೈ, ಬಲಗಾಲು ಬಿದ್ದಿವೆ. ದಿನಾ ಊರಿಂದ ಬಸ್ಸಿನಲ್ಲಿ ಫಿಸಿಯೋಥೆರಪಿಗೆ ಕರೆತರಲು ಆಗುವುದಿಲ್ಲ.
– ರಾಂಪುರ

ಉತ್ತರ: ದಿನಾ ಬರಬೇಕಿಲ್ಲ. ವಾರಕ್ಕೊಮ್ಮೆ ಬಂದು, ಮನೆಯಲ್ಲಿ ನೋಡಿಕೊಳ್ಳುವವರು ಪಕ್ಕದಲ್ಲೇ ನಿಂತು ಕಲಿತುಕೊಂಡು ಹೋದರೆ ಅದೇ ದೊಡ್ಡ ಚಿಕಿತ್ಸೆ. ಮೊದಲ ಮೂರರಿಂದ ಆರು ತಿಂಗಳಲ್ಲಿ ಚೇತರಿಕೆ ವೇಗವಾಗಿರುತ್ತದೆ. ಮಿದುಳಿನ ಉಳಿದ ಭಾಗ ಕೆಲಸ ಕಲಿಯುವುದು ಒಂದೇ ಚಲನೆಯನ್ನು ಮತ್ತೆ ಮತ್ತೆ ಮಾಡಿದಾಗ. ಮಂಚದ ಅಂಚಿನಲ್ಲಿ ಕೂರಿಸಿ, ಹಿಡಿದುಕೊಂಡೇ ನಿಲ್ಲಿಸಿ, ಕೂರಿಸಿ. ಎಬ್ಬಿಸುವಾಗ ಬಿದ್ದ ಕೈಯನ್ನು ಹಿಡಿದು ಎಳೆಯಬೇಡಿ, ಸೋತ ಭುಜ ಜಾರುತ್ತದೆ. ಸೊಂಟಕ್ಕೆ ಕೈ ಹಾಕಿ. ಮಲಗಿರುವಾಗ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ. ಬಿಪಿ ಮಾತ್ರೆ ನಿಲ್ಲಿಸಬೇಡಿ. ಪಾರಿವಾಳದ ರಕ್ತ ತಿಕ್ಕಿದರೆ ಕೈಕಾಲು ಬರುವುದಿಲ್ಲ. ಮನೆಯಲ್ಲಿ ಇನ್ಯಾರಿಗಾದರೂ ಬಾಯಿ ಸೊಟ್ಟಗಾಗಿ, ಕೈ ಸೋತು, ಮಾತು ತೊದಲಿದರೆ ನೇರ ದೊಡ್ಡಾಸ್ಪತ್ರೆಗೆ. ಹೆಪ್ಪು ಕರಗಿಸುವ ಇಂಜೆಕ್ಷನ್ನಿಗೆ ಇರುವುದು ನಾಲ್ಕೂವರೆ ಗಂಟೆಯ ಅವಕಾಶ.

ಪ್ರಶ್ನೆ: ಕತ್ತು ತಿರುಗಿಸಲು ಆಗುವುದಿಲ್ಲ, ಬೆನ್ನು ಹಲಗೆಯಂತೆ ಸೆಟೆದಿದೆ. ತಿಂಗಳುಗಟ್ಟಲೆ ಕರೆಂಟ್ ಇಡಿಸಿದರೂ ಗುಣವಿಲ್ಲ. ನಮ್ಮೂರಲ್ಲಿ ಹೀಗಿರುವವರು ಇನ್ನೂ ಕೆಲವರಿದ್ದಾರೆ. ಕುಡಿಯುವುದು ಬೋರ್‌ವೆಲ್ ನೀರು.
– ಚಳ್ಳಕೆರೆ ತಾಲ್ಲೂಕಿನ ಓದುಗರು

ಉತ್ತರ: ನಿಮ್ಮ ಪತ್ರದ ಕೊನೆಯ ಎರಡು ಸಾಲುಗಳಲ್ಲೇ ಸುಳಿವಿದೆ. ಚಳ್ಳಕೆರೆ, ಮೊಳಕಾಲ್ಮುರು ಎರಡೂ ತಾಲ್ಲೂಕುಗಳ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚಿರುವ ಕಡೆಗಳಿವೆ. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮೊದಲು ಮಕ್ಕಳ ಹಲ್ಲು ಕಂದು ಪಟ್ಟೆಯಾಗುತ್ತವೆ. ಅಂಶ ಇನ್ನೂ ಹೆಚ್ಚಿದ್ದರೆ, ಕುಡಿದ ಕಾಲವೂ ಬೆಳೆದರೆ, ದೊಡ್ಡವರ ಬೆನ್ನು, ಕತ್ತಿನ ಮೂಳೆಗಳನ್ನು ಬಿಗಿದಿಡುವ ಕಟ್ಟುಗಳಲ್ಲಿ ಸುಣ್ಣ ಕಟ್ಟಿಕೊಂಡು ಕೀಲುಗಳು ಸೆಟೆಯುತ್ತವೆ. ಇದು ನೋವಿನ ಯಂತ್ರಕ್ಕೆ ಬಗ್ಗುವ ಕಾಯಿಲೆಯಲ್ಲ. ಉಳಿದಿರುವ ಚಲನೆ ಕಳೆದುಹೋಗದಂತೆ, ಉಸಿರಾಟದ ವ್ಯಾಯಾಮದಿಂದ ಎದೆ ಬಿಗಿಯದಂತೆ ನೋಡಿಕೊಳ್ಳುವಷ್ಟು ಫಿಸಿಯೋಥೆರಪಿ ಮಾಡಬಲ್ಲದು. ಕಟ್ಟಿದ ಸುಣ್ಣವನ್ನು ಕರಗಿಸಲಾರದು. ಯಾರಾದರೂ ಕತ್ತನ್ನು ‘ಲಟಕ್’ ಎನ್ನಿಸಿ ಸರಿಮಾಡುತ್ತೇನೆಂದರೆ ತಲೆ ಕೊಡಬೇಡಿ. ಬೆನ್ನುಹುರಿಗೆ ಪೆಟ್ಟಾಗಬಹುದು.

ಇದೇ ಥರ ಬೆನ್ನು ಸೆಟೆಸುವ ಬೇರೆ ಸಂಧಿವಾತಗಳೂ ಇವೆ, ಆದ್ದರಿಂದ ಮುಂಗೈ ಮತ್ತು ಬೆನ್ನಿನ ಎಕ್ಸ್‌ರೇ ಮಾಡಿಸಿ ಖಚಿತಪಡಿಸಿಕೊಳ್ಳಿ. ಜೊತೆಗೆ ನೀರು ಬದಲಿಸಿ: ಶುದ್ಧ ನೀರಿನ ಘಟಕದ್ದನ್ನೇ ಕುಡಿಯಲಿಕ್ಕೂ ಅಡುಗೆಗೂ ಬಳಸಿ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದರ ಅಂಶ ಏರುತ್ತದೆ. ಬೋರ್‌ವೆಲ್ ನೀರನ್ನು ಪರೀಕ್ಷೆಗೆ ಒಯ್ಯುವಾಗ ಗಾಜಿನ ಬಾಟಲಿ ಬೇಡ, ತೊಳೆದ ಪ್ಲಾಸ್ಟಿಕ್ ಬಾಟಲಿಯಲ್ಲಿ ಒಯ್ಯಿರಿ.