ಕಷ್ಟದ್ದು ಕಾಲೇಜಿಗೆ, ಇಷ್ಟದ್ದು ಸಂಜೆಗೆ

ಅಂಕ ಕಡಿಮೆ ಬಂದರೆ ಒಂದು ಅನುಕೂಲವಿದೆ. ಯಾವ ಕೋರ್ಸ್ ಎಂಬುದನ್ನು ಅಂಕಪಟ್ಟಿಯೇ ತೀರ್ಮಾನಿಸಿಬಿಡುತ್ತದೆ. 2021ರಲ್ಲಿ ನಮಗೆ ಆ ಅನುಕೂಲವೂ ಇರಲಿಲ್ಲ. ಕೋವಿಡ್‌ನಿಂದಾಗಿ ದ್ವಿತೀಯ ಪಿಯು ಪರೀಕ್ಷೆಯೇ ರದ್ದಾಗಿ ಎಲ್ಲರೂ ಪಾಸಾಗಿದ್ದೆವು. ಅದೇ ಆಗಸ್ಟಿನಲ್ಲಿ ಕರ್ನಾಟಕ ಸರ್ಕಾರ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ದೇಶದಲ್ಲೇ ಮೊದಲು ಜಾರಿಗೆ ತಂದಿತು. ಅಲ್ಲಿಯವರೆಗೆ ಡಿಗ್ರಿ ಅಂದರೆ ಪಿಎಂಸಿ, ಸಿಬಿಜೆಡ್, ಇಲ್ಲವೇ ಇತಿಹಾಸ-ಅರ್ಥಶಾಸ್ತ್ರ-ರಾಜ್ಯಶಾಸ್ತ್ರದ ಎಚ್‌ಇಪಿ. ಮೂರು ವರ್ಷ, ಮೂರು ವಿಷಯ, ಮಿಕ್ಕ ಮಾತೇ ಇಲ್ಲ. ನಮ್ಮ ಬ್ಯಾಚಿಗೆ ಎರಡು ಮುಖ್ಯ ವಿಷಯ, ಜೊತೆಗೆ ಬೇರೆ ವಿಭಾಗದ ಓಪನ್ ಎಲೆಕ್ಟಿವ್. ಮೂರನೇ ವರ್ಷದಲ್ಲಿ ಒಂದನ್ನು ಮೇಜರ್, ಇನ್ನೊಂದನ್ನು ಮೈನರ್ ಮಾಡಿಕೊಳ್ಳಬಹುದಿತ್ತು, ಇಲ್ಲವೇ ಎರಡನ್ನೂ ಮೇಜರ್ ಆಗಿ ಉಳಿಸಿಕೊಳ್ಳಬಹುದಿತ್ತು. ನಾಲ್ಕನೇ ವರ್ಷವೂ ಓದಿದರೆ ಆನರ್ಸ್ ಸಿಗುತ್ತಿತ್ತು.

ಪಿಯುಸಿಯಲ್ಲಿ ನಾನು ಓದಿದ್ದು ಪಿಸಿಎಂಬಿ. ಜೆ.ಪಿ. ನಗರದ ನಮ್ಮ ಬೀದಿಯಲ್ಲಿ ಪಿಸಿಎಂಬಿ ಓದಿದವರು ಸಿಇಟಿ ಬರೆಯುತ್ತಾರೆ, ಇಲ್ಲ ನೀಟ್ ಬರೆಯುತ್ತಾರೆ. ಡಿಗ್ರಿಗೆ ಸೇರುತ್ತೇನೆ ಅಂದಾಗ ಅಪ್ಪ ಕೂಗಾಡಲಿಲ್ಲ, "ಯಾವುದು ತಗೋತೀಯ?" ಅಂತ ಕೇಳಿದರು. ನನ್ನ ಹತ್ತಿರ ನಾಲ್ಕು ಉತ್ತರವಿತ್ತು: ಗಣಿತ, ಅರ್ಥಶಾಸ್ತ್ರ, ಇತಿಹಾಸ, ನಾಟಕ. ಕೇಳಿ ಸುಮ್ಮನೆ ಪೇಪರ್ ಬಿಡಿಸಿಕೊಂಡರು. ಅಮ್ಮ ಮಾತ್ರ, "ನಾಟಕ ಕಲಿಯೋಕೆ ಡಿಗ್ರಿ ಯಾಕೋ ಬೇಕು? ರಂಗಶಂಕರ ಇಲ್ಲೇ ಇದೆಯಲ್ಲ" ಅಂದರು. ಅವರು ಬೇಸರದಲ್ಲಿ ಅಂದದ್ದು. ನನಗೆ ಅದೇ ಅಳತೆಗೋಲಾಯಿತು.

ಎರಡನೇ ಫೇಸ್‌ನಲ್ಲಿರುವ ರಂಗಶಂಕರದಲ್ಲಿ 2004ರಿಂದ ನಾಟಕ ನಡೆಯುತ್ತಿದೆ. ಸಂಜೆ ಏಳೂವರೆ ಅಂದರೆ ಏಳೂವರೆ. ತಡವಾಗಿ ಹೋದರೆ ಒಳಗೆ ಬಿಡುವುದಿಲ್ಲ. ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಎಚ್. ನರಸಿಂಹಯ್ಯನವರು 1962ರಲ್ಲಿ ಶುರು ಮಾಡಿದ ಬೆಂಗಳೂರು ಸೈನ್ಸ್ ಫೋರಂ ಇದೆ. ಬುಧವಾರ ಯಾರು ಬೇಕಾದರೂ ಹೋಗಿ ಉಪನ್ಯಾಸ ಕೇಳಬಹುದು. ಇತಿಹಾಸದ ಒಳ್ಳೆಯ ಪುಸ್ತಕವನ್ನು ಮನೆಯಲ್ಲಿ ಕೂತು ಓದಿದರೂ ಮುಕ್ಕಾಲು ಪಾಲು ದಕ್ಕುತ್ತದೆ. ಆದರೆ ರಿಯಲ್ ಅನಾಲಿಸಿಸನ್ನು ಯಾವ ಸಂಜೆಯ ಉಪನ್ಯಾಸವೂ ತಲೆಗೆ ಇಳಿಸುವುದಿಲ್ಲ. ಬೋರ್ಡಿನ ಮುಂದೆ ನಿಲ್ಲಿಸಿ "ಈ ಸಾಲಿನಿಂದ ಆ ಸಾಲಿಗೆ ಹೇಗೆ ಬಂದೆ?" ಅಂತ ಕೇಳುವ ಮೇಷ್ಟ್ರು ಬೇಕು, ಪರೀಕ್ಷೆಯ ಭಯವೂ ಬೇಕು. ನಾಲ್ಕರಲ್ಲಿ ಯಾವುದು ಹೆಚ್ಚು ಇಷ್ಟ ಎಂದು ಕೇಳಿಕೊಳ್ಳುವುದನ್ನು ಬಿಟ್ಟು, ಯಾವುದು ಕಾಲೇಜಿಲ್ಲದೆ ನನ್ನ ಕೈಯಲ್ಲಿ ಆಗುವುದಿಲ್ಲ ಎಂದು ಕೇಳಿಕೊಂಡೆ. ಗಣಿತ, ಅದರ ಹಿಂದೆ ಅರ್ಥಶಾಸ್ತ್ರ.

ಇನ್ನೊಂದು ಲೆಕ್ಕವೂ ಇತ್ತು. ಕೆಲವು ಬಾಗಿಲು ಒಂದೇ ಕಡೆಗೆ ತೆರೆಯುತ್ತವೆ. ಸೈನ್ಸ್ ಪಿಯುಸಿಯವರು ಬಿ.ಎ.ಗೂ ಹೋಗಬಹುದು, ಬಿ.ಕಾಂ.ಗೂ ಹೋಗಬಹುದು, ಆರ್ಟ್ಸ್ ಪಿಯುಸಿಯಿಂದ ಬಿ.ಎಸ್ಸಿ. ಗಣಿತಕ್ಕೆ ಬರಲಾಗದು. ಮೂರು ವರ್ಷದ ಕಾನೂನು ಪದವಿಗೂ ಎಂಬಿಎಗೂ ಯಾವ ಡಿಗ್ರಿಯಾದರೂ ನಡೆಯುತ್ತದೆ, ಎಂ.ಎಸ್ಸಿ. ಗಣಿತಕ್ಕೆ ಕೆಳಗೆ ಗಣಿತ ಓದಿರಲೇಬೇಕು. ಹಲವು ಆಸಕ್ತಿಯವರು ಮೊದಲು ಇಂಥ ಬಾಗಿಲನ್ನು ನೋಡಿಕೊಳ್ಳುವುದು ಕ್ಷೇಮ, ಮಿಕ್ಕವು ಕಾಯುತ್ತವೆ.

ಇದಕ್ಕೆ ದೊಡ್ಡ ಸಾಕ್ಷಿ ನಮ್ಮ ಬಡಾವಣೆಯಲ್ಲೇ ಇದ್ದರು. ಹಲವು ವರ್ಷ ಜೆ.ಪಿ. ನಗರದಲ್ಲಿ ಮನೆ ಮಾಡಿಕೊಂಡಿದ್ದ ನಾಟಕಕಾರ ಗಿರೀಶ ಕಾರ್ನಾಡರು 1958ರಲ್ಲಿ ಧಾರವಾಡದ ಕರ್ನಾಟಕ ಆರ್ಟ್ಸ್ ಕಾಲೇಜಿನಿಂದ ಪದವಿ ಪಡೆದದ್ದು ಗಣಿತ ಮತ್ತು ಸಂಖ್ಯಾಶಾಸ್ತ್ರದಲ್ಲಿ. ಗಣಿತವಾದರೆ ಪೂರ್ತಿ ಅಂಕ ಬರುತ್ತದೆ, ವಿದೇಶಕ್ಕೆ ದಾರಿಯಾಗುತ್ತದೆ ಎಂಬ ಎಣಿಕೆಯನ್ನು ಅವರೇ ಹೇಳಿಕೊಂಡಿದ್ದಾರೆ. ರೋಡ್ಸ್ ವಿದ್ಯಾರ್ಥಿವೇತನ ಪಡೆದು ಆಕ್ಸ್‌ಫರ್ಡಿಗೆ ಹೋಗಿ ಓದಿದ್ದು ತತ್ತ್ವಶಾಸ್ತ್ರ, ರಾಜಕೀಯ, ಅರ್ಥಶಾಸ್ತ್ರ. 'ಯಯಾತಿ' 1961ರಲ್ಲಿ ಪ್ರಕಟವಾದಾಗ ಅವರಿನ್ನೂ ಅಲ್ಲಿನ ವಿದ್ಯಾರ್ಥಿ. ನಾಟಕಕ್ಕೆಂದು ಅವರು ಯಾವ ಡಿಗ್ರಿಯನ್ನೂ ಮಾಡಲಿಲ್ಲ. ಹಾಗಂತ ಗಣಿತ ಎಲ್ಲರಿಗೂ ಮದ್ದಲ್ಲ. ಕವಿ ಎ.ಕೆ. ರಾಮಾನುಜನ್ ಮೈಸೂರಿನಲ್ಲಿ ಮೊದಲ ವರ್ಷ ವಿಜ್ಞಾನ ಓದಿ ಇಂಗ್ಲಿಷಿಗೆ ಬದಲಾದರು. ಬದಲಾಗು ಎಂದು ಒಪ್ಪಿಸಿದವರು ಅವರ ತಂದೆ, ಸ್ವತಃ ಗಣಿತದ ಪ್ರಾಧ್ಯಾಪಕರು! ಅಂಥ ಅಪ್ಪ ಎಷ್ಟು ಮನೆಯಲ್ಲಿದ್ದಾರೆ?

ಕಾಲೇಜಿನ ಒಳಗಿನ ಸಂಗತಿ ಬೇರೆ. ಓಪನ್ ಎಲೆಕ್ಟಿವ್ ಅಂದರೆ ಬೇಕಾದದ್ದನ್ನು ಆರಿಸಿಕೊಳ್ಳುವುದು ಎಂದು ತಿಳಿದಿದ್ದೆ. ನಿಜದಲ್ಲಿ ಯಾವ ಮೇಷ್ಟ್ರಿಗೆ ಪೀರಿಯಡ್ ಖಾಲಿ ಇದೆಯೋ ಅದೇ ವಿಷಯ. ಟೈಮ್‌ಟೇಬಲ್ಲೇ ನಿಜವಾದ ಶಿಕ್ಷಣ ನೀತಿ. ಒಂದು ಸೆಮಿಸ್ಟರಿನ ಎಲೆಕ್ಟಿವ್‌ನಿಂದ ಯಾರೂ ಇತಿಹಾಸಕಾರರಾಗುವುದಿಲ್ಲ. ಯಾವ ಪುಸ್ತಕ ಹುಡುಕಬೇಕು ಎಂದು ಗೊತ್ತಾದರೆ ಅದೇ ಲಾಭ. ಭಾರತೀಯ ವಿಜ್ಞಾನ ಸಂಸ್ಥೆ 2011ರಲ್ಲಿ ಶುರು ಮಾಡಿದ ನಾಲ್ಕು ವರ್ಷದ ಪದವಿಯಲ್ಲಿ ಎಲ್ಲರೂ ಮೊದಲು ಭೌತ, ರಸಾಯನ, ಗಣಿತ, ಜೀವವಿಜ್ಞಾನ ಓದಿ, ಆಮೇಲೆ ಮೇಜರ್ ಆರಿಸುತ್ತಾರೆ. ತಡವಾಗಿ ಆರಿಸುವುದು ಒಳ್ಳೆಯದೇ. ಆದರೆ ಅದಕ್ಕೆ ಅಷ್ಟು ವಿಭಾಗ, ಅಷ್ಟು ಅಧ್ಯಾಪಕರು ಇರಬೇಕು.

ತುಂಬ ಉಪಯೋಗಕ್ಕೆ ಬಂದದ್ದು ಜೆರಾಕ್ಸ್ ಅಂಗಡಿ. ಕಾಲೇಜಿನ ಎದುರು ಹಳೆಯ ಪ್ರಶ್ನೆಪತ್ರಿಕೆಗಳ ಕಟ್ಟು ಸಿಗುತ್ತದೆ. ವಿಷಯದ ಹೆಸರು ಕೇಳಿ ಮರುಳಾಗುವ ಬದಲು ಐದನೇ ಸೆಮಿಸ್ಟರಿನ ಪತ್ರಿಕೆ ಬಿಡಿಸಿ ನೋಡಬೇಕು: ಈ ಪ್ರಶ್ನೆಗಳ ಜೊತೆ ರಾತ್ರಿ ಕೂರಲು ಮನಸ್ಸಾಗುತ್ತದೆಯೇ? ಮೇಜರ್ ಯಾವುದು ಎಂದು ಬರೆದುಕೊಡುವ ಹೊತ್ತಿಗೆ ನಾನು ಹಾಗೇ ಮಾಡಿದೆ. ಅರ್ಥಶಾಸ್ತ್ರದ ಪತ್ರಿಕೆ ಬಹುಪಾಲು "ವಿವರಿಸಿ", "ಟಿಪ್ಪಣಿ ಬರೆಯಿರಿ". ಗಣಿತದ್ದು "ಸಾಧಿಸಿ". ಗಣಿತ ಮೇಜರ್, ಅರ್ಥಶಾಸ್ತ್ರ ಮೈನರ್ ಎಂದು ಬರೆದುಕೊಟ್ಟೆ. ಮೂರು ವರ್ಷಕ್ಕೆ ಮುಗಿಸಿ ಅರ್ಥಶಾಸ್ತ್ರದ ಎಂ.ಎ.ಗೆ ಸೇರಿದಾಗ ಎಕನಾಮೆಟ್ರಿಕ್ಸ್ ತರಗತಿಯಲ್ಲಿ ಮಿಕ್ಕವರು ಮ್ಯಾಟ್ರಿಕ್ಸ್ ನೋಡಿ ಬೆವರುತ್ತಿದ್ದರೆ ನಾನು ಅರ್ಥಶಾಸ್ತ್ರವನ್ನಷ್ಟೇ ಯೋಚಿಸಬಹುದಿತ್ತು. ನಾಟಕ? ಒಂದು ಹವ್ಯಾಸಿ ತಂಡಕ್ಕೆ ಲೈಟ್ಸ್ ಮಾಡುತ್ತೇನೆ. ಇಂಟರ್ನಲ್ಸ್ ಬಂದಾಗ ರಿಹರ್ಸಲ್ ತಪ್ಪುತ್ತಿತ್ತು, ತಂಡದವರ ಕೈಲಿ ಬೈಸಿಕೊಳ್ಳುತ್ತಿದ್ದೆ. ಇತಿಹಾಸದ ಪುಸ್ತಕಗಳು ಅರ್ಧರ್ಧ ಓದಿದಂತೆಯೇ ಇವೆ.

2024ರ ಮೇ ತಿಂಗಳಲ್ಲಿ ಸರ್ಕಾರ ನಾಲ್ಕು ವರ್ಷದ ಪದವಿ ಕೈಬಿಟ್ಟು ಮತ್ತೆ ಮೂರು ವರ್ಷ, ಮೂರು ವಿಷಯಕ್ಕೆ ಮರಳಿತು. ಮಾರನೇ ವರ್ಷ ಬನಶಂಕರಿಯ ಚಿಕ್ಕಪ್ಪ ಮಗಳನ್ನು ಕರೆದುಕೊಂಡು ಬಂದರು. "ಇವಳಿಗೆ ಬಿಸಿಎ ತಗೋ ಅಂತ ಸ್ವಲ್ಪ ಹೇಳಪ್ಪ" ಅಂದರು. ನಾನು ಏನೂ ಹೇಳಲಿಲ್ಲ. ಜೆರಾಕ್ಸ್ ಅಂಗಡಿಗೆ ಕರೆದುಕೊಂಡು ಹೋಗಿ ಬಿಸಿಎದ್ದೊಂದು, ಎಚ್‌ಇಪಿದ್ದೊಂದು ಕಟ್ಟು ಕೊಡಿಸಿದೆ. ಅವಳು ಎಚ್‌ಇಪಿಗೆ ಸೇರಿದಳು. ಕಂಪ್ಯೂಟರ್ ಆನ್‌ಲೈನ್‌ನಲ್ಲೇ ಕಲಿಯುತ್ತಿದ್ದಾಳಂತೆ, ಚೆನ್ನಾಗಿಯೇ. ಚಿಕ್ಕಪ್ಪ ಮಾತ್ರ ನನ್ನ ಫೋನ್ ಎತ್ತುತ್ತಿಲ್ಲ.